ಸ್ನೇಹಲತಾ ಮೇಡಂ ಶೀಟ್

...ಅದನ್ನು ಟೀಪಾಯಿ ಮೇಲೆ ಇಡು ಮಾರಾಯ್ತಿ, ಎಷ್ಟು ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಲ್ತೀ. ಕೂತುಕೋ. ಆ ಕುರ್ಚಿ ಬೇಡ, ಅದು ಅಲ್ಲಾಡ್ತದೆ, ಈಚೆ ಬಾ. ಉಳ್ಳಾಲದಿಂದ ಎರಡು ಬಸ್ಸು ಹತ್ತಿ, ಈ ಕದ್ರಿ ಗುಡ್ಡೆ ಏರಿ ಬಂದಿದ್ದೀ, ನೀರಾದರೂ ಕುಡಿ. ಸಂಚಿತಾ ಅಲ್ವಾ ನೀನು? ಗುರುತು ಸಿಗದೆ ಎಂತ. ಬಿಸಿಎ ಫೈನಲ್ ಇಯರ್, ಎರಡನೇ ಬೆಂಚು, ಕಿಟಕಿ ಬದಿ. ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳು ನಾನು, ಹೆಸರು ಮರೆತರೂ ಬೆಂಚು ಮರೆಯುವುದಿಲ್ಲ.

ಈಗ ಎಲ್ಲಿದ್ದೀ? ಐಡಿ ಕಾರ್ಡ್ ಕುತ್ತಿಗೆಯಲ್ಲೇ ಉಂಟಲ್ಲ, ನೋಡುವ... ಐಸ್ ಪ್ಲಾಂಟ್. ಓ. ಆಫೀಸಿನಲ್ಲಾ? ಒಳ್ಳೆಯದಾಯ್ತು, ಮನೆಯ ಹತ್ತಿರವೇ. ಶನಿವಾರ ಅರ್ಧ ದಿನ ಇರಬೇಕು, ಅದಕ್ಕೆ ಬಂದಿದ್ದೀ.

ಮತ್ತೆ ಇದು ಎಂತದು ತಂದದ್ದು... ಹಾಂ, ನಮ್ಮ ಪೈಥಾನ್ ಶೀಟ್. ನಿನ್ನ ಕೈಗೆ ಹೇಗೆ ಬಂತು? ಮೂಲೆಯಲ್ಲಿ ಅನುಷ್ಕಾ ಎಂದು ಬರೆದುಂಟು. ಸೆಕೆಂಡ್ ಇಯರಿನ ಅನುಷ್ಕಾ. ಅವಳು ನಿನಗೆ ತಂಗಿಯಾ? ಅಲ್ಲ. ಚಿಕ್ಕಪ್ಪನ ಮಗಳು? ಹಾಗೆ ಹೇಳು. ಮೊನ್ನೆ ಗುರುವಾರ ಕ್ಲಾಸಿನಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟೆ. ನಾಲ್ಕು ವರ್ಷದಿಂದ ಕೊಡ್ತಾ ಇದ್ದೇನೆ. ಈಗ ಕಾಲೇಜಿನಲ್ಲಿ ಇದಕ್ಕೆ ಸ್ನೇಹಲತಾ ಮೇಡಂ ಶೀಟ್ ಎಂದೇ ಹೆಸರು. ನಾಲ್ಕು ಪುಟ, ಹಿಂದೆ ಮುಂದೆ ಎರಡು ಹಾಳೆ, ಪೈಥಾನಿನಲ್ಲಿ ಬೇಕಾದದ್ದೆಲ್ಲ ಅದರಲ್ಲಿ ಉಂಟು. ಬರುವ ಬುಧವಾರ ಪ್ರಿನ್ಸಿಪಾಲರು ಪುಸ್ತಕದ ಹಾಗೆ ಮಾಡಿ ಬಿಡುಗಡೆ ಮಾಡ್ತಾರಂತೆ. ಹಿಂದಿನ ರಟ್ಟಿನಲ್ಲಿ ನನ್ನ ಫೋಟೋ ಬೇರೆ. ಗ್ರೀಷ್ಮಾ, ನನ್ನ ಮಗಳು, ಆ ಫೋಟೋ ನೋಡಿ ಹೇಳಿದಳು, ಅಮ್ಮಾ ನೀನು ಸಹಕಾರಿ ಬ್ಯಾಂಕಿನ ಎಲೆಕ್ಷನ್‌ಗೆ ನಿಂತ ಹಾಗೆ ಕಾಣ್ತೀ ಎಂದು.

ನಗು ಬರ್ಲಿಲ್ವಾ? ಇರಲಿ. ಚಾ ಇಡ್ಲಾ? ಬೇಡ ಎಂದು ತಲೆ ಆಡಿಸಬೇಡ, ಆಮೇಲೆ ಇಡ್ತೇನೆ.

ಈ ನಾಲ್ಕು ಪುಟಕ್ಕೆ ನಾನು ಎಷ್ಟು ಒದ್ದಾಡಿದ್ದೇನೆ ಎಂದು ನಿನಗೆ ಗೊತ್ತುಂಟಾ? ಸ್ವಲ್ಪ ಗೊತ್ತಿರಬೇಕು, ಆ ಮೊದಲಿನ ಬ್ಯಾಚು ನಿಮ್ಮದೇ ಅಲ್ವಾ. ನನಗೆ ಬರ್ತಿದ್ದದ್ದು ಸಿ ಲ್ಯಾಂಗ್ವೇಜ್ ಒಂದೇ. ಸಿ ಎಂದರೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು, ಕೊನೆಗೆ ಸೆಮಿಕೋಲನ್ ಸಮೇತ. ಇಪ್ಪತ್ತು ವರ್ಷ ಒಂದೇ ನೋಟ್ಸು. ಅಂಚು ಹಳದಿ ಆಗಿತ್ತು, ನಡುವಿನಲ್ಲಿ ಎರಡು ಹಾಳೆ ಗೆದ್ದಲು ತಿಂದಿತ್ತು, ಆ ಎರಡು ಹಾಳೆಯ ಪಾಠವನ್ನು ನಾನೂ ಮಾಡ್ತಿರಲಿಲ್ಲ. ಸುಖವಾಗಿದ್ದೆ. ಒಂದು ದಿನ ಎಚ್‌ಒಡಿ ಜಯಪಾಲ ಸರ್ ಕರೆದು, ಸ್ನೇಹಲತಾ, ಸಿಲೆಬಸ್ ಬದಲಾಗಿದೆ, ಇನ್ನು ಪೈಥಾನ್, ನೀವೇ ತೆಗೆದುಕೊಳ್ಳಿ, ಬಹಳ ಸುಲಭ ಅಂತೆ ಎಂದರು. ಆ 'ಅಂತೆ' ಕೇಳುವಾಗಲೇ ನನಗೆ ಗೊತ್ತಾಗಬೇಕಿತ್ತು, ಅವರಿಗೂ ಬರುವುದಿಲ್ಲ ಎಂದು. ಕ್ಲಾಸು ಶುರುವಾಗ್ಲಿಕ್ಕೆ ಆರು ದಿನ ಇತ್ತು. ಮನೆಯಲ್ಲಿ ಅತ್ತೆ, ಎಂತ ಮಂಡೆಬಿಸಿ ನಿನಗೆ ಎಂದು ಕೇಳಿದರು. ಪೈಥಾನ್ ಅತ್ತೆ, ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ, ಅದು ನನಗೆ ಬರುವುದಿಲ್ಲ, ಸೋಮವಾರದಿಂದ ಕಲಿಸಬೇಕು ಎಂದೆ. ಅವರು, ಬಾರದ್ದನ್ನು ಹೇಗೆ ಕಲಿಸುವುದು ಎಂದು ಕೇಳಿ ಟಿವಿ ಹಾಕಿದರು. 

ನನಗೆ ಬೇಕಾದದ್ದು ಇಷ್ಟೇ ಸಂಚಿತಾ. ಬೋರ್ಡಿನಲ್ಲಿ ಬರೆಯುವಾಗ, ನಿಮಗೆಲ್ಲ ಬೆನ್ನು ಹಾಕಿದಾಗ, ರಪಕ್ಕ ಒಂದು ಸಲ ಕಣ್ಣು ಹಾಯಿಸಿದರೆ ಗೊತ್ತಾಗುವಂಥ ಒಂದು ಕಾಗದ. ಕ್ವಿಕ್ ರೆಫರೆನ್ಸ್ ಎಂದು ಹೇಳ್ತಾರಲ್ಲ, ಅದು. ಹಂಪನಕಟ್ಟೆಯ ಪುಸ್ತಕದಂಗಡಿಗೆ ಹೋಗಿ, ಪೈಥಾನಿಗೆ ಚಿಕ್ಕದೊಂದು ಪುಸ್ತಕ ಕೊಡಿ ಎಂದೆ. ಅವರು ಏಣಿ ಹತ್ತಿ, ಎರಡು ಕೈಯಲ್ಲಿ ಹಿಡಿದುಕೊಂಡು ಇಳಿದರು. ಒಂಬೈನೂರು ಪುಟ. ಚಿಕ್ಕದು ಕೇಳಿದ್ದು ಎಂದೆ. ಚಿಕ್ಕದು ಇದೇ ಮೇಡಂ, ದೊಡ್ಡದು ಎರಡು ಭಾಗದಲ್ಲಿ ಬರ್ತದೆ ಎಂದರು. ತಂದೆ. ಕ್ಲಾಸಿಗೆ ಹೋಗುವಾಗ ಹಾಜರಿ ರಿಜಿಸ್ಟರಿನ ಹಿಂದೆ ಅಡಗಿಸುವ ಎಂದು ನೋಡಿದರೆ, ರಿಜಿಸ್ಟರೇ ಅದರ ಹಿಂದೆ ಅಡಗಿತು.

ಮತ್ತೆ ಇಂಟರ್ನೆಟ್ಟು. ಈಗಿನ ಹಾಗೆ ಮೊಬೈಲಿಗೆ ಕೇಳಿದ ಕೂಡಲೇ ಪಾಠ ಬರೆದು ಕೊಡುವ ಕಾಲ ಅಲ್ಲ ಅದು. ಒಂದು ಚಾರ್ಟ್ ಸಿಕ್ಕಿತು, ಇಡೀ ಪೈಥಾನ್ ಒಂದೇ ಪುಟದಲ್ಲಿ. ಕಾಲೇಜಿನ ಎದುರು ಅಝರ್ ಝೆರಾಕ್ಸ್ ಅಂಗಡಿ ಇಟ್ಟಿದ್ದಾರಲ್ಲ, ಅಲ್ಲಿ ಪ್ರಿಂಟ್ ತೆಗೆಸಿದೆ. ಅಕ್ಷರ ಎಷ್ಟು ಸಣ್ಣ ಎಂದರೆ, ಅಝರ್ ಅದನ್ನು ಬೆಳಕಿಗೆ ಹಿಡಿದು, ಮೇಡಂ ಇದು ಮಾತ್ರೆಯ ಡಬ್ಬಿಯೊಳಗೆ ಇರುವ ಕಾಗದವಾ ಎಂದು ಕೇಳಿದರು. ದೊಡ್ಡದು ಮಾಡಿ ಎಂದೆ. ದೊಡ್ಡದು ಮಾಡಿ ಮಾಡಿ ಹದಿನಾರು ಹಾಳೆ ಆಯ್ತು. ಮನೆಗೆ ತಂದು ಗ್ರೀಷ್ಮಾ ಒಂದು ಕಡೆ ಹಿಡಿದು ನಾನೊಂದು ಕಡೆ ಹಿಡಿದು ಗಮ್ ಹಚ್ಚಿ ಅಂಟಿಸಿದರೆ, ಡಬಲ್ ಬೆಡ್ಡಿನ ಬೆಡ್‌ಶೀಟ್. ಅದನ್ನು ಮಡಚಿ ಸ್ಟಾಫ್ ರೂಮಿಗೆ ತೆಗೆದುಕೊಂಡು ಹೋದೆ. ಬಿಡಿಸಿ ನೋಡ್ತಾ ಇದ್ದೇನೆ, ಯಾರೋ ಫ್ಯಾನ್ ಹಾಕಿದರು. ಇಡೀ ಪೈಥಾನ್ ಹೋಗಿ ಜಯಪಾಲ ಸರ್ ಮಂಡೆಯ ಮೇಲೆ ಕೂತಿತು.

ಈಗ ತುಟಿ ಸ್ವಲ್ಪ ಅಲ್ಲಾಡಿದ ಹಾಗೆ ಕಂಡಿತು. ಇಲ್ವಾ? ಫ್ಯಾನಿನ ಗಾಳಿಯೋ ಏನೋ.

ಮೂರನೆಯದ್ದು ನಿನಗೂ ನೆನಪಿರಬೇಕು. ಹಳೆ ಪುಸ್ತಕದ ಅಂಗಡಿಯಲ್ಲಿ ಅಂಗೈ ಅಗಲದ ಒಂದು ಪುಸ್ತಕ ಸಿಕ್ಕಿತ್ತು. ಬಂಗಾರ ಸಿಕ್ಕಿದ ಹಾಗೆ ಆಯ್ತು ನನಗೆ. ರಿಜಿಸ್ಟರಿನೊಳಗೆ ಇಟ್ಟರೆ ಯಾರಿಗೂ ಕಾಣುವುದಿಲ್ಲ. ಅದರಲ್ಲಿದ್ದ ಹಾಗೆಯೇ ಟೈಪ್ ಮಾಡಿದೆ, ಪ್ರೊಜೆಕ್ಟರ್ ಹಾಕಿ, ನಿಮ್ಮ ಇಡೀ ಕ್ಲಾಸಿನ ಎದುರು. ಎರರ್. ಪುನಃ ಮಾಡಿದೆ. ಎರರ್. ಹನ್ನೊಂದು ನಿಮಿಷ ಆ ಕೆಂಪು ಸಾಲಿನ ಎದುರು ನಿಂತಿದ್ದೆ. ಆ ಪುಸ್ತಕ ಹಳೆಯ ಪೈಥಾನಿನದ್ದಂತೆ, ಈಗಿನದ್ದರಲ್ಲಿ ಪ್ರಿಂಟ್ ಎಂದು ಬರೆದು ಬ್ರಾಕೆಟ್ ಹಾಕಬೇಕಂತೆ. ನನಗೆಲ್ಲಿ ಗೊತ್ತು. ಎದ್ದು ನಿಂತು ಹೇಳಿದ್ದು ನೀನೇ ಅಲ್ವಾ? ಮೇಡಂ, ಬ್ರಾಕೆಟ್ ಹಾಕಿ ನೋಡಿ ಎಂದು. ಮೆಲ್ಲ ಹೇಳಿದ್ದಿ, ನಗಾಡಿರಲಿಲ್ಲ. ನಾನು, ಅದು ನನಗೆ ಗೊತ್ತುಂಟು, ನಿಮ್ಮಲ್ಲಿ ಯಾರಿಗೆ ಗೊತ್ತುಂಟೆಂದು ನೋಡಿದ್ದು ಎಂದೆ. ಒಬ್ಬರೂ ನಂಬಲಿಲ್ಲ. ನಾನೇ ನಂಬಲಿಲ್ಲ, ನೀವು ಹೇಗೆ ನಂಬುವುದು.

ಹಾಗೆ ಒಟ್ರಾಸಿ ಬೊಡಿದು, ಸಾಕುಸಾಕಾಗಿ ಹೋಗಿ, ಕೊನೆಗೆ ಆ ವರ್ಷದ ದಸರಾ ರಜೆಯಲ್ಲಿ ಕೂತು ನಾನೇ ಮಾಡಿದೆ ಇದನ್ನು.

...

ಎಂತ ಹಾಗೆ ನೋಡ್ತೀ. ಮಾಡಿದೆ ಅಂದರೆ... ಒಂದು ವಾರ ಕೂತು. ಚಂದ ಬಂದಿದೆ ಎಂದು ಎಲ್ಲರೂ ಹೇಳ್ತಾರೆ. ಇದು ನೋಡು, ಲಿಸ್ಟ್ ಎಂದರೆ ಎಂತ ಎಂದು ಹೇಳ್ಲಿಕ್ಕೆ ಮೀನಿನ ಹೆಸರು, ಬಂಗುಡೆ, ಬೂತಾಯಿ, ಕಾಣೆ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಒಂದು ಎಂದು ಕೇಳಿದರೆ ಬಂಗುಡೆ ಬರುವುದಿಲ್ಲ, ಬೂತಾಯಿ ಬರ್ತದೆ. ಎಷ್ಟು ಸಸಾರ ನೋಡು. ಒಳಗೆ ಸರಿಸಿ ಬರೆದ ಸಾಲೆಲ್ಲ ಮನೆಯೊಳಗಿನವರು, ಅಂಚಿಗೆ ಬರೆದದ್ದು ಜಗಲಿಯಲ್ಲಿ ಕೂತವರು. ಈ ಒಂದು ಮಾತು ಆ ಒಂಬೈನೂರು ಪುಟದ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಬುಟ್ಟಿ ಖಾಲಿಯಾಗುವವರೆಗೆ ಕೂಗುವುದು ವೈಲ್ ಲೂಪ್. ಇದನ್ನು ಓದಿದ ಮೇಲೆಯೇ ನನಗೆ ಪೂರ್ತಿ...

ಅಲ್ಲ, ಬರೆದ ಮೇಲೆ. ಬರೆದ ಮೇಲೆ ನನಗೆ ಪೂರ್ತಿ ಅರ್ಥ ಆದದ್ದು ಎಂದು ಹೇಳ್ಲಿಕ್ಕೆ ಹೋದೆ.

ಎಲ್ಲಿ ಬೆರಳು ಇಟ್ಟಿದ್ದೀ? ಮೂರನೇ ಪುಟವಾ. ಕನ್ನಡಕ ಎಲ್ಲಿ ಇಟ್ಟೆ... ಹಾಂ. ಡಿಕ್ಷನರಿ. ಹೆಸರಿಗೆ ವಯಸ್ಸು ಜೋಡಿಸುವುದು. ಕಿನ್ನಿ, ಎಪ್ಪತ್ತೊಂದು. ದೀಪೇಶ್, ಇಪ್ಪತ್ತನಾಲ್ಕು. ಅದಕ್ಕೆ ಎಂತ ಈಗ? ಉದಾಹರಣೆಗೆ ಯಾವುದಾದರೂ ಹೆಸರು ಬೇಕಲ್ಲ. ಬಾಯಿಗೆ ಬಂದ ಹೆಸರು ಹಾಕಿದೆ. ಕಿನ್ನಿ ಎಂಬ ಹೆಸರು ನಮ್ಮ ಕಡೆಯಲ್ಲಿ ಬೇಕಾದಷ್ಟು ಉಂಟು. ದೀಪೇಶ್ ಅಂತೂ ಕ್ಲಾಸಿಗೆ ಇಬ್ಬರು.

...

ಬೆರಳು ತೆಗಿ ಮಾರಾಯ್ತಿ ಅಲ್ಲಿಂದ.

ಸರಿ. ಪೂರ್ತಿ ನಾನೊಬ್ಬಳೇ ಮಾಡಿದ್ದಲ್ಲ. ಈ ಕೆಲಸದಲ್ಲಿ ಯಾರು ಪೂರ್ತಿ ತಾನೇ ಮಾಡ್ತಾರೆ. ಅಲ್ಲಿಂದ ಸ್ವಲ್ಪ, ಇಲ್ಲಿಂದ ಸ್ವಲ್ಪ. ನಿನ್ನದೂ ಒಂದು ಕಾಗದ ಇತ್ತಲ್ಲ, ಆ ದಿನ, ಎಕ್ಸಾಮ್ ಹಾಲಿನಲ್ಲಿ. ಅದನ್ನೂ ನೋಡಿದ್ದೆ ಅಂತ ಇಟ್ಟುಕೋ. ನೋಡಿದ್ದು ಮಂಡೆಯಲ್ಲಿ ಉಳಿದಿರಬೇಕು, ಬರೆಯುವಾಗ ಬಂದಿರಬೇಕು. ಒಂದೆರಡು ಹೆಸರು ಹಾಗೆಯೇ ಬಂದಿರಬೇಕು.

ಎಪ್ಪತ್ತೊಂದು. ಹೌದು. ಎರಡು ನಿಮಿಷ ನೋಡಿದ ಕಾಗದದಲ್ಲಿ ಯಾರದೋ ಮನೆಯ ಅಜ್ಜಿಯ ವಯಸ್ಸು ಯಾರು ನೆನಪಿಟ್ಟುಕೊಳ್ತಾರೆ. ನನಗೆ ನನ್ನ ಅತ್ತೆಯ ವಯಸ್ಸು ನೆನಪಿಲ್ಲ.

ನಿನ್ನ ಅಜ್ಜಿಯೇ ಅಲ್ವಾ ಅದು? ದೀಪೇಶ್ ಅಣ್ಣ. ಅನುಷ್ಕಾ ಮನೆಗೆ ತಂದು, ಅಕ್ಕಾ, ಮೇಡಂ ಶೀಟಿನಲ್ಲಿ ನಮ್ಮ ಅಜ್ಜಿಯ ಹೆಸರು ಉಂಟು ಎಂದು ತೋರಿಸಿರಬೇಕು. ಅವಳು ನಗಾಡಿರಬೇಕು ಪಾಪ, ಅವಳಿಗೆ ಎಂತ ಗೊತ್ತು.

ನಾಲ್ಕು ವರ್ಷದಿಂದ ಆ ಉದಾಹರಣೆ ಮಾಡಿಸ್ತೇನೆ ನಾನು. ಮುಂದಿನ ಸಾಲಿನಲ್ಲಿ ಕಿನ್ನಿಯ ವಯಸ್ಸಿಗೆ ಒಂದು ಕೂಡಿಸಲಿಕ್ಕೆ ಉಂಟಲ್ಲ. ಅರುವತ್ತು ಮಕ್ಕಳು ಒಟ್ಟಿಗೆ ಹೇಳ್ತಾರೆ, ಎಪ್ಪತ್ತೆರಡು ಮೇಡಂ ಎಂದು. ನಾನು, ವೆರಿ ಗುಡ್ ಎಂದು ಹೇಳ್ತೇನೆ. ಮರು ವರ್ಷ ಪುನಃ ಎಪ್ಪತ್ತೊಂದರಿಂದ ಶುರು.

ಆ ದಿನ ಬಂದಿದ್ದವರು ಅವರೇ ಅಲ್ವಾ. ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚಿನಲ್ಲಿ, ಚಪ್ಪಲಿ ಬಿಚ್ಚಿ ಬದಿಗಿಟ್ಟು ಕೂತಿದ್ದರು. ಆಫೀಸಿನಿಂದ ಮನೆಗೆ ಫೋನ್ ಮಾಡಿದಾಗ ಬೇರೆ ಯಾರೂ ಇರಲಿಲ್ಲ ಎಂದು ಅವರೇ ಬಸ್ಸು ಹತ್ತಿ ಬಂದದ್ದಂತೆ. ನಾನು ಒಳಗೆ ಹೋಗುವಾಗ ಎದ್ದು ನಿಂತು, ಎನ್ನ ಬಾಲೆ ಅಂಚ ಮಲ್ಪುಜಿ ಟೀಚರ್ ಎಂದರು. ನನ್ನ ಮಗು ಹಾಗೆ ಮಾಡುವುದಿಲ್ಲ ಎಂದು. ಜೋರಾಗಿ ಏನೂ ಅಲ್ಲ, ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಹಾಗೆ. ನಾನು ಕೂತುಕೊಳ್ಳಿ ಅಮ್ಮ, ಕೂತುಕೊಳ್ಳಿ ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ನೀನು ಒಳಗಿದ್ದಿ, ನಿನಗೆ ಗೊತ್ತಿಲ್ಲ ಅದು.

ಬೆಳಿಗ್ಗೆ ನಿಮಗೆ ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆ. ಡ್ಯೂಟಿ ನನ್ನದು. ನಿನ್ನ ಪೌಚಿನಿಂದ ಸಣ್ಣ ಅಕ್ಷರದ ಕಾಗದ ಇಣುಕಿದ್ದು ಕಂಡಿತು, ಎಳೆದೆ. ಬಿಡಿಸಿ ನೋಡದೆಯೇ ಕಾಪಿ ಎಂದೆ. ನೀನು, ಮೇಡಂ ಇದು ನಾಳೆಯ ಪೈಥಾನ್ ಪರೀಕ್ಷೆಗೆ, ಬಸ್ಸಿನಲ್ಲಿ ಓದಲಿಕ್ಕೆ ಮಾಡಿದ್ದು, ಹೊರಗೆ ಬ್ಯಾಗಿನಲ್ಲಿ ಇಡ್ಲಿಕ್ಕೆ ಮರೆತೆ ಎಂದಿ. ನಾನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಬ್ರಾಕೆಟಿನ ಸಿಟ್ಟು ಇತ್ತಾ ಎಂದರೆ... ಇತ್ತು. ಸ್ವಲ್ಪ ಇತ್ತು. ರಿಪೋರ್ಟ್ ಬರೆದು ಸಹಿ ಹಾಕಿ ಕೊಟ್ಟೆ. ಆ ಕಾಗದವನ್ನು ರಿಪೋರ್ಟಿಗೆ ಪಿನ್ ಮಾಡಬೇಕು, ಅದು ಕ್ರಮ.

ಪಿನ್ ಹುಡುಕುವ ಎಡೆಯಲ್ಲಿ ಓದಿದೆ. ಮೇಜಿನ ಹತ್ತಿರ ನಿಂತುಕೊಂಡೇ ಓದಿದೆ. ಬಂಗುಡೆ, ಬೂತಾಯಿ, ಕಾಣೆ. ಆರು ತಿಂಗಳಿನಿಂದ ನಾನು ಹುಡುಕಿದ್ದು ಅದನ್ನೇ ಸಂಚಿತಾ. ನಾನು ಕಲಿಸಿದ್ದು ಅರ್ಥವಾಗದೆ ನೀನು ನಿನಗೋಸ್ಕರ ಮಾಡಿಕೊಂಡದ್ದು, ಅದು ನನಗೆ ಅರ್ಥವಾಯ್ತು.

ಮಧ್ಯಾಹ್ನ ಮೂರಕ್ಕೆ ಕಮಿಟಿ ಕೂತಿತು. ನೀನು ಒಂದೇ ಮಾತು ಹೇಳಿದ್ದಿ, ಸರ್, ಕಾಗದ ತೆಗೆದು ನೋಡಿ, ಅದರಲ್ಲಿ ಸ್ಟ್ಯಾಟಿಸ್ಟಿಕ್ಸಿನದ್ದು ಒಂದು ಅಕ್ಷರ ಇಲ್ಲ ಎಂದು. ಜಯಪಾಲ ಸರ್ ನನ್ನ ಕಡೆ ತಿರುಗಿ, ಕಾಗದ ಎಲ್ಲಿ ಸ್ನೇಹಲತಾ ಎಂದು ಕೇಳಿದರು. ಆನ್ಸರ್ ಪೇಪರಿನ ಕಟ್ಟಿನ ಒಟ್ಟಿಗೆ ಹೋಗಿರಬೇಕು ಸರ್, ಕಾಣ್ತಾ ಇಲ್ಲ ಎಂದೆ. ಎಂತ ಇತ್ತು ಅದರಲ್ಲಿ ಎಂದು ಕೇಳಿದರು. ಎಂತದೋ ಫಾರ್ಮುಲಾದ ಹಾಗೆ ಇತ್ತು ಎಂದೆ.

ಅದು... ಆ ಗಡಿಬಿಡಿಯಲ್ಲಿ ನನಗೂ ಸರಿಯಾಗಿ... ಆಮೇಲೆ ಕಟ್ಟಿನಲ್ಲಿ ಹುಡುಕಿಸಿದೆವು, ಸಿಗಲಿಲ್ಲ...

...

ಆ ಸೆಮಿಸ್ಟರಿನ ಅಷ್ಟೂ ಪೇಪರ್ ನಿನ್ನದು ಕ್ಯಾನ್ಸಲ್ ಆಯ್ತು, ಗೊತ್ತುಂಟು. ಒಂದು ವರ್ಷ ಹೋಯ್ತು. ಕ್ಯಾಂಪಸ್ ಇಂಟರ್ವ್ಯೂನಲ್ಲಿ ನಿನಗೆ ಕೆಲಸ ಸಿಕ್ಕಿದ್ದು, ಅದೂ ಹೋಯ್ತು. ಆಮೇಲೆ ಪರೀಕ್ಷೆ ಕಟ್ಟಲಿಕ್ಕೆ ನೀನು ಬರಲೇ ಇಲ್ಲ. ಒಂದೆರಡು ಸಲ ವಿಚಾರಿಸಿದೆ. ಒಂದು ಸಲ. ಹೇಳು, ನಾನು ಈಗ ಎಂತ ಮಾಡಬೇಕು? ಪುಸ್ತಕ ಇನ್ನೂ ಪ್ರಿಂಟಿಗೆ ಹೋಗಲಿಲ್ಲ. ಮೊದಲ ಪುಟದಲ್ಲಿ ನಿನ್ನ ಹೆಸರು ಹಾಕಿಸ್ತೇನೆ, ಸಹಾಯ ಮಾಡಿದವರು ಎಂದು. ಬೇಡವಾ. ಇಬ್ಬರ ಹೆಸರೂ ರಟ್ಟಿನ ಮೇಲೆಯೇ ಹಾಕುವ, ನಿನ್ನದು ಮೊದಲು, ನನ್ನದು ಕೆಳಗೆ. ಸಣ್ಣ ಅಕ್ಷರದಲ್ಲಿ.

ಒಂದು ಮಾತಾದರೂ ಆಡು. ಬೈಯುವುದಾದರೆ ಬೈ. ಬಂದು ಮುಕ್ಕಾಲು ಗಂಟೆ ಆಯ್ತು, ನೀರನ್ನು ಸಹ ಮುಟ್ಟಲಿಲ್ಲ ನೀನು.

...

ಇರು. ಬರ್ತೇನೆ.

ಇದು ಅದು. ಬೀರುವಿನಲ್ಲಿ ಇಟ್ಟಿದ್ದೆ, ಪ್ಲಾಸ್ಟಿಕ್ ಕವರಿನಲ್ಲಿ. ನಿನ್ನದೇ ಅಕ್ಷರ, ನಿನ್ನದೇ ಮಡಿಕೆ. ಕಟ್ಟಿನಲ್ಲಿ ಹೋದದ್ದೂ ಇಲ್ಲ, ಕಳೆದದ್ದೂ ಇಲ್ಲ. ಕಮಿಟಿ ಕೂತಾಗ ಇದು ನನ್ನ ಬ್ಯಾಗಿನಲ್ಲಿತ್ತು, ಬ್ಯಾಗು ನನ್ನ ಮಡಿಲಲ್ಲಿತ್ತು. ಕಾಗದ ಎಲ್ಲಿ ಎಂದು ಅವರು ಕೇಳುವಾಗ ನನ್ನ ಕೈ ಅದರ ಮೇಲೆಯೇ ಇತ್ತು.

ತೆಗೆದುಕೋ. ನಿನ್ನದು.

ಮುಟ್ಟುವುದಿಲ್ಲ ನೀನು. ಸರಿ. ನಾನೇ ತೆಗೆದುಕೊಂಡು ಹೋಗಬೇಕು ಎಂದಾ, ಅದೇ ಕೋಣೆಗೆ. ಸೋಮವಾರ ಹತ್ತು ಗಂಟೆಗೆ ಜಯಪಾಲ ಸರ್ ಇರ್ತಾರೆ. ನೀನು ಬರುವುದು ಬೇಡ. ನಾನು ಬರೆದು ಕೊಡ್ತೇನೆ, ಇದನ್ನು ಪಿನ್ ಮಾಡಿ ಕೊಡ್ತೇನೆ. ಕೆಲಸ ಹೋದರೆ ಹೋಗಲಿ ಎಂದು ದೊಡ್ಡ ಮಾತು ಆಡುವುದಿಲ್ಲ, ನನಗೆ ಹೆದರಿಕೆ ಉಂಟು. ಹೆದರಿಕೊಂಡೇ ಕೊಡ್ತೇನೆ.

ಯಾಕೆ ಎಂದು ನೀನು ಕೇಳುವುದಿಲ್ಲ. ಕೇಳಿದ್ದರೆ ದೊಡ್ಡ ಕಾರಣ ಒಂದನ್ನು ಕಟ್ಟಿ ಹೇಳ್ತಿದ್ದೆನೋ ಏನೋ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನನಗೆ ಸೆಕೆಂಡ್ ಇಯರಿಗೆ ಲೂಪ್ ಪಾಠ ಇತ್ತು ಸಂಚಿತಾ. ಅಷ್ಟೇ. ಕಮಿಟಿಗೆ ಕೊಟ್ಟರೆ ಕಾಗದ ಹೋಗ್ತದೆ, ಬೋರ್ಡಿನ ಎದುರು ನಾನು ಎಂತ ಮಾಡುವುದು. ಮೂರು ಗಂಟೆಯೊಳಗೆ ಝೆರಾಕ್ಸ್ ಮಾಡಿಸುವ ಎಂದು ಓಡಿದ್ದೆ, ಕರೆಂಟ್ ಇರಲಿಲ್ಲ. ಒಂದು ಫೋಟೋ ತೆಗೆದುಕೊಂಡು ಕೊಟ್ಟಿದ್ದರೆ ಆಗ್ತಿತ್ತು.

ಮೊಬೈಲ್ ಅದೇ ಬ್ಯಾಗಿನಲ್ಲಿ ಇತ್ತು.